ಅಂಚಿಗೆ ನಾಲ್ಕು ಬೆರಳು

ಮಂಗಳೂರು
22 ಡಿಸೆಂಬರ್ 2024

ಪ್ರೀತಿಯ ರೇಣುಕಾ,

ಅಪ್ಪ ಕಂಪ್ಲಿ ತಲುಪಿದ ಸುದ್ದಿ ತಿಳಿಯಿತು. ತೋರಣಗಲ್ಲಿನ ರಾತ್ರಿ ಪಾಳಿ ಮುಗಿಸಿ, ಮನೆಗೂ ಹೋಗದೆ, ಹೊಸಪೇಟೆ ನಿಲ್ದಾಣದಲ್ಲಿ ಮಾವನಿಗಾಗಿ ಕಾದು ನಿಂತ ಹೊನ್ನೂರುಸ್ವಾಮಿಯವರಿಗೆ ನನ್ನ ಕೃತಜ್ಞತೆ ತಿಳಿಸು. ನಿನ್ನ ಗಂಡನಿಗೆ ನಾನು ನೇರವಾಗಿಯೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಅವರು "ಯಾಕ್ರೀ, ಜಲ್ದಿ ಕಳಿಸಿಬಿಟ್ರಿ?" ಎಂದು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಇನ್ನೂ ಹೊಳೆದಿಲ್ಲ. ಅದಕ್ಕಾಗಿಯೇ ಈ ಪತ್ರ.

ಹತ್ತು ದಿನಕ್ಕೆಂದು ಬಂದವರು ಐದನೆಯ ದಿನ ಬೆಳಿಗ್ಗೆ ಚೀಲ ಕಟ್ಟಿಕೊಂಡು ಕುಳಿತಿದ್ದರು. "ಸಾಕು. ನೋಡಿದೆ" ಎಂದರು. ಅಷ್ಟೇ. ಏನಾಯಿತೆಂದು ನನಗೆ ತಿಳಿಯದು. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ. ತಪ್ಪು ಎಲ್ಲಿದೆ ಎಂಬುದನ್ನು ನೀನು ಗುರುತಿಸು.

ಅವರು ಬರುವ ಮೊದಲೇ ನಾನೊಂದು ಪಟ್ಟಿ ತಯಾರಿಸಿದ್ದೆ: ಯಾವ ದಿನ ಯಾವ ಸ್ಥಳ, ಹೊರಡುವ ಸಮಯ, ಹಿಂದಿರುಗುವ ಸಮಯ. ಅದರಂತೆ ಮೊದಲ ದಿನ ಸುಲ್ತಾನ್ ಬತ್ತೇರಿಗೆ ಹೋದೆವು. ಅಲ್ಲಿಂದ ದೋಣಿಯಲ್ಲಿ ಹೊಳೆ ದಾಟಿದರೆ ಆಚೆ ಸಮುದ್ರದ ದಂಡೆ. ದೋಣಿಯವನು "ಬನ್ನಿ ಅಜ್ಜರೇ, ಕೂತ್ಕೊಳ್ಳಿ ಮಾರಾಯ್ರೆ" ಎಂದು ಕೈಕೊಟ್ಟ. ಅಪ್ಪ ಕೂರಲಿಲ್ಲ. ಬಗ್ಗಿ, ದೋಣಿಯ ಅಂಚಿಗೂ ನೀರಿಗೂ ನಡುವೆ ಕೈಬೆರಳು ಅಡ್ಡವಿಟ್ಟು ನೋಡಿ, "ಲೇ ತಮ್ಮಾ, ನಾಕು ಬೆರಳು ಉಳದಾವ. ಇನ್ನೊಬ್ಬನ್ನ ಹತ್ತಿಸಬ್ಯಾಡ" ಎಂದರು. ಅವನು ನಕ್ಕು ಇಬ್ಬರನ್ನು ಹತ್ತಿಸಿಕೊಂಡ. ಅಪ್ಪ ಇಳಿದುಬಿಟ್ಟರು. ಮುಂದಿನ ದೋಣಿಯಲ್ಲಿ ಹೋದೆವು. ನನ್ನ ಪಟ್ಟಿ ಇಪ್ಪತ್ತು ನಿಮಿಷ ತಡವಾಯಿತು. ಅದನ್ನು ನಾನು ಬಾಯಿಬಿಟ್ಟು ಹೇಳಿದೆ ಎಂಬುದನ್ನೂ ದಾಖಲಿಸುತ್ತೇನೆ.

ಎರಡನೆಯ ದಿನ ವಿಶೇಷ ಅನುಮತಿ ಪಡೆದು ಬಂದರಿನೊಳಕ್ಕೆ ಕರೆದೊಯ್ದೆ. ಬಿಳಿ ಧೋತರ, ತಲೆಗೆ ಕಿತ್ತಳೆ ಬಣ್ಣದ ಹೆಲ್ಮೆಟ್ಟು. ನನ್ನ ಕೆಲಸವನ್ನು ಅವರು ಮೊದಲ ಸಲ ನೋಡಿದ್ದು ಅಂದೇ. ಹಡಗಿನ ಪಕ್ಕೆಯ ಮೇಲೆ ಬರೆದ ಅಂಕಿಗಳನ್ನು ಆರು ಕಡೆ ಓದಿ, ಹಡಗು ಎಷ್ಟು ಮುಳುಗಿದೆ ಎಂಬುದರಿಂದ ಒಳಗಿನ ಕಲ್ಲಿದ್ದಲಿನ ತೂಕ ಲೆಕ್ಕ ಹಾಕುವುದನ್ನು ಅವರ ಎಡಗಿವಿಯ ಬಳಿ ಬಾಗಿ, ಕೂಗಿ ವಿವರಿಸಿದೆ. ಅವರಿಗೆ ಈಗ ಆ ಕಿವಿಯೂ ಅರ್ಧವೇ. ಎಲ್ಲ ಕೇಳಿ, "ಇಷ್ಟ ಮಾಡಾಕ ಸಂಡೂರಿನಾಗ ಮೂರು ವರ್ಷ ಓದಿದೇನಲೇ ಪರಶ್ಯಾ? ನಾನು ಬೆರಳಿಟ್ಟು ಹೇಳತಿದ್ದೆ!" ಎಂದರು. ಬಹಳ ಸಂತೋಷದಲ್ಲಿದ್ದರು. ಆ ರಾತ್ರಿ ನಿನ್ನ ಅತ್ತಿಗೆ ಹೇಮಾ ಮೊದಲ ಸಲ ಜೋಳದ ರೊಟ್ಟಿ ತಟ್ಟಿದಳು. "ಭಾಳ ಚಲೋ ಆಗ್ಯಾವವ್ವಾ. ಹಪ್ಪಳ ಅಂತ ತಿಳಕೊಂಡಿದ್ದೆ" ಎಂದರು. ಹೇಮಾಳೂ ನಕ್ಕಳು.

ಮೂರನೆಯ ದಿನ ದೀಪಸ್ತಂಭ ಮತ್ತು ಮೀನು ಮಾರುಕಟ್ಟೆ. ವಿಶೇಷವೇನಿಲ್ಲ.

ನಾಲ್ಕನೆಯ ದಿನ ಸಂಜೆ ಪಣಂಬೂರಿನ ಕಡಲ ದಂಡೆ. ಗಾಳಿ ಜೋರಾಗಿತ್ತು. ಅಪ್ಪ ನೀರಿಗೆ ಮೊಣಕಾಲುದ್ದ ಇಳಿದು ನಿಂತರು. ಒಂದು ಕೈ ಅಂಗಿಯ ಒಳಜೇಬಿನ ಮೇಲಿತ್ತು. ಆ ಕೈ ತೆಗೆಯದೆಯೇ ಕೇಳಿದರು: "ನಮ್ಮ ಹೊಳಿ ನೀರು ಇಲ್ಲಿಗೇ ಬಂದು ಸೇರತೈತಲ್ಲಾ?"

ನಾನು ಇಲ್ಲವೆಂದೆ. ಕೇಳಿಸಲಿಲ್ಲ. ಮೊಬೈಲಿನಲ್ಲಿ ನಕ್ಷೆ ತೆಗೆದು, ತುಂಗಭದ್ರೆ ಕಂಪ್ಲಿಯಿಂದ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಕೂಡಿ ಆಚೆ ಬಂಗಾಳ ಕೊಲ್ಲಿಗೆ ಹೋಗುವುದನ್ನು ಬೆರಳಿನಿಂದ ಎಳೆದು ತೋರಿಸಿದೆ. ಇದು ಅರಬ್ಬೀ ಸಮುದ್ರ, ಇದು ಬೇರೆ ಎಂದೆ.

"ಸ್ವಲ್ಪಾನೂ ಬರಂಗಿಲ್ಲೇನು?"

"ಒಂದು ಹನೀನೂ ಬರಂಗಿಲ್ಲಪ್ಪಾ" ಎಂದು ಎರಡು ಸಲ ಕೂಗಬೇಕಾಯಿತು. ಅಲ್ಲಿದ್ದವರು ತಿರುಗಿ ನೋಡಿದರು.

"ಹಂಗಾದ್ರ ಆತು ಬಿಡು" ಎಂದು ಅವರು ಮೇಲೆ ಬಂದರು. ಮರುದಿನ ಬೆಳಿಗ್ಗೆ ಚೀಲ ಕಟ್ಟಿದ್ದರು.

ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮನೆಗೆ ಬಂದು ಮತ್ತೊಮ್ಮೆ ಪರಿಶೀಲಿಸಿದೆ.

ನಿನ್ನ ಅಣ್ಣ,
ಪರಶುರಾಮ

* * *

ಕಂಪ್ಲಿ
9 ಜನವರಿ 2025

ಅಣ್ಣಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಅಪ್ಪನಿಗೆ ಓದಿ ಹೇಳಲಿಲ್ಲ. ನಿನ್ನ ಪಟ್ಟಿ, ನಿನ್ನ ಇಪ್ಪತ್ತು ನಿಮಿಷ, ಎಲ್ಲ ಅರ್ಥವಾಯಿತು. ಒಳಜೇಬು ಎಂದು ಬರೆದಿದ್ದೀಯಲ್ಲ, ಅಲ್ಲಿ ಏನಿತ್ತು ಎಂದು ಒಂದು ಸಲವೂ ಕೇಳಲಿಲ್ಲವೆ?

ಅವರು ಬಂದ ಮರುದಿನ ಬಟ್ಟೆ ಒಗೆಯಲು ಅಂಗಿ ತೆಗೆದುಕೊಂಡೆ. ಜೇಬಿನಲ್ಲಿ ಒಂದು ಅರಿವೆಯ ಗಂಟು. ಬಿಚ್ಚಿದರೆ ಅವ್ವನ ನಾಲ್ಕು ಹಸಿರು ಬಳೆ, ಒಂದು ಅರಿಸಿನ ಕೊಂಬು.

ನಮ್ಮ ಮನೆತನದ ಪದ್ಧತಿ ನಿನಗೆ ಮರೆತಿರಲಿಕ್ಕಿಲ್ಲ. ಗಂಡನಿಗಿಂತ ಮೊದಲು ಹೋದ ಹೆಂಗಸಿನ ಎರಡೂ ಕೈಯಿಂದ ಎರಡೆರಡು ಬಳೆ ತೆಗೆದಿಟ್ಟು, ಹನ್ನೊಂದನೆಯ ದಿನ ಹಿರಿಯ ಮಗ ಹರಿಗೋಲಿನಲ್ಲಿ ನಡುಹೊಳೆಗೆ ಹೋಗಿ ಬಿಡಬೇಕು. ಅವ್ವ ತೀರಿಕೊಂಡದ್ದು ಆಷಾಢ ಏಕಾದಶಿ. ಮಣ್ಣಿಗೆ ನೀನಿದ್ದೆ. ಮೂರನೆಯ ದಿನ ಮಂಗಳೂರಿಗೆ ಹೋದೆ, ಹನ್ನೊಂದನೆಯ ದಿನಕ್ಕೆ ಬರುತ್ತೇನೆಂದೆ. ಘಟ್ಟದಲ್ಲಿ ಮಣ್ಣು ಕುಸಿದು ದಾರಿ ಮುಚ್ಚಿದೆ ಎಂದು ಫೋನು ಮಾಡಿದೆ. ಅವತ್ತು ಅಪ್ಪ ಒಬ್ಬರೇ ಹೊಳೆಗೆ ಹೋಗಿ ಬಂದು, "ಹೊಳಿ ತುಂಬೈತಿ, ದಂಡಿಮ್ಯಾಲೆ ನಿಂತು ನಾನಾ ಬಿಟ್ಟೆ" ಎಂದರು. ನಾವೆಲ್ಲ ನಂಬಿದೆವು.

ಬಿಟ್ಟಿರಲಿಲ್ಲ ಅಣ್ಣಾ. ನಿನಗಾಗಿ ಇಟ್ಟುಕೊಂಡಿದ್ದರು. ಸಮುದ್ರ ನೋಡಲು ಅವರು ಅಲ್ಲಿಗೆ ಬಂದಿರಲಿಲ್ಲ.

ಗಂಟನ್ನು ಇದ್ದ ಹಾಗೆಯೇ ಕಟ್ಟಿ ಅಂಗಿಯ ಪಕ್ಕದಲ್ಲಿಟ್ಟೆ. ಅವರೂ ನೋಡಿದರು, ನಾನೂ ನೋಡಿದೆ. ವರ್ಷ ತುಂಬುವುದರೊಳಗೆ ಬಿಡಬೇಕು ಎಂಬುದು ನಿನಗೆ ಗೊತ್ತು. ಈ ಸಲ ಏಕಾದಶಿ ಜುಲೈ ಆರಕ್ಕೆ ಬರುತ್ತದೆ.

ರೇಣುಕಾ

* * *

ಮಂಗಳೂರು
26 ಜನವರಿ 2025

ಅಪ್ಪಾ,

ಈ ಪತ್ರವನ್ನು ನಾಲ್ಕನೆಯ ಸಲ ಬರೆಯುತ್ತಿದ್ದೇನೆ. ರೇಣುಕಾ ನಿಮ್ಮ ಎಡಗಿವಿಯ ಬಳಿ ಕುಳಿತು ಓದುತ್ತಾಳೆಂದು ಭಾವಿಸಿ, ಅವಳೂ ಕೇಳಬೇಕಾದದ್ದನ್ನೇ ಬರೆಯುತ್ತೇನೆ.

ಮೊದಲನೆಯದಾಗಿ, ದಂಡೆಯ ಮೇಲೆ ನಾನು ಕೊಟ್ಟ ಉತ್ತರ ಅಪೂರ್ಣವಾಗಿತ್ತು. ನಮ್ಮ ಹೊಳೆ ಈ ಸಮುದ್ರಕ್ಕೆ ಬರುವುದಿಲ್ಲ, ನಿಜ. ಆದರೆ ತುಂಗೆ ಮತ್ತು ಭದ್ರೆ ಹುಟ್ಟುವ ಘಟ್ಟ ನನ್ನ ಮನೆಯಿಂದ ನೇರ ಅಳತೆಯಲ್ಲಿ ಸುಮಾರು ಐವತ್ತೈದು ಕಿಲೋಮೀಟರು. ಈ ಸಮುದ್ರದ ಮೇಲೆ ಎದ್ದ ಮೋಡವೇ ಅಲ್ಲಿ ಮಳೆಯಾಗಿ ಬಿದ್ದು ಹೊಳೆಯಾಗಿ ಕಂಪ್ಲಿಗೆ ಬರುತ್ತದೆ. ಇಲ್ಲಿಂದ ಅಲ್ಲಿಗೆ ನೀರು ಹೋಗುತ್ತದೆ. ಅಲ್ಲಿಂದ ಇಲ್ಲಿಗೆ ಬರುವುದಿಲ್ಲ. ಒಂದು ಹನಿಯ ಸಂಬಂಧವೂ ಇಲ್ಲ ಎನ್ನುವ ಹಾಗೆ ನಾನು ಹೇಳಬಾರದಿತ್ತು.

ಎರಡನೆಯದು ಕಷ್ಟದ್ದು. ಹನ್ನೊಂದನೆಯ ದಿನಕ್ಕೆ ನಾನು ಬಾರದಿದ್ದುದಕ್ಕೆ ಘಟ್ಟ ಕಾರಣವಲ್ಲ. ಮಣ್ಣು ಕುಸಿದದ್ದು ನಿಜ, ಹಿಂದಿನ ದಿನ ಸಂಜೆ ಐದೂವರೆಗೆ. ಬೆಳಿಗ್ಗೆಯೇ ಹೊರಟಿದ್ದರೆ ಘಟ್ಟ ದಾಟಿರುತ್ತಿದ್ದೆ. ಹೊರಡಲಿಲ್ಲ. ಒಂದು ಹಡಗು ಖಾಲಿಯಾಗುತ್ತಿತ್ತು, ಕೊನೆಯ ಅಳತೆ ಬಾಕಿಯಿತ್ತು. ಇನ್ನೊಬ್ಬನಿಗೆ ಒಪ್ಪಿಸಬಹುದಿತ್ತು. ಒಪ್ಪಿಸಲಿಲ್ಲ. ಏಣಿಯ ಮೇಲೆ ನಿಂತು ಅಂಕಿ ಓದುತ್ತಿದ್ದಷ್ಟು ಹೊತ್ತು ನನ್ನ ಪಾಲಿಗೆ ಅವ್ವ ತೀರಿಕೊಂಡಿರಲಿಲ್ಲ. ನಡುಹೊಳೆಗೆ ಹೋಗಿ ಬಳೆ ಬಿಟ್ಟರೆ ಆ ವಿಷಯ ಮುಗಿದುಹೋಗುತ್ತದೆ ಎಂಬ ಭಯವಿತ್ತು. ಸಂಜೆ ದಾರಿ ಮುಚ್ಚಿದ ಸುದ್ದಿ ಬಂದಾಗ ನನಗೆ ಬಿಡುಗಡೆಯಾದ ಹಾಗೆ ಅನ್ನಿಸಿತು. ಇದನ್ನು ಹೇಮಾಳಿಗೂ ಹೇಳಿಲ್ಲ.

ಗಂಟಿನ ಸಂಗತಿ ರೇಣುಕಾ ಬರೆದಿದ್ದಾಳೆ. ಅದನ್ನು ನನ್ನ ಕೈಯಿಂದ ಬಿಡಿಸುವ ಮನಸ್ಸು ನಿಮಗೆ ಇನ್ನೂ ಇದ್ದರೆ ಒಂದು ಸಾಲು ತಿಳಿಸಿ. ಇಲ್ಲವಾದರೂ ತಿಳಿಸಿ.

ಪರಶುರಾಮ

* * *

ಕಂಪ್ಲಿ
20 ಏಪ್ರಿಲ್ 2025

ಅಣ್ಣಾ,

ನಡುವೆ ನೀನು ಬರೆದ ಮೂರು ಪತ್ರಗಳಿಗೂ ಉತ್ತರಿಸಲಿಲ್ಲ ಎಂದು ಸಿಟ್ಟಾಗಬೇಡ. ಬರೆಯಲು ಏನೂ ಇರಲಿಲ್ಲ. ಜನವರಿಯ ಪತ್ರವನ್ನು ಅಪ್ಪನಿಗೆ ಪೂರ್ತಿ ಓದಿದೆ. ಹಡಗಿನ ಭಾಗ ಬಂದಾಗ ನನ್ನ ದನಿ ಇಳಿಯಿತು. "ಕೇಳವಲ್ದು, ಜೋರಾಗಿ ಓದು" ಎಂದರು. ಕೂಗಿ ಓದಿದೆ. ಓಣಿಯವರಿಗೂ ಕೇಳಿಸಿರಬೇಕು. ಮುಗಿದ ಮೇಲೆ ಹಾಳೆಯನ್ನು ಇಸಿದುಕೊಂಡು ಮಡಚಿ, ಅದೇ ಗಂಟಿನ ಜೊತೆ ಇಟ್ಟುಕೊಂಡು ಹೊರಗೆ ಹೋದರು.

ಆಮೇಲೆ ಒಂದು ತಿಂಗಳು ಕುಂತಲ್ಲಿ ಕೂರಲಿಲ್ಲ. ಬೆಳಿಗ್ಗೆ ಎದ್ದವರೇ ಬಸ್ಸು ಹಿಡಿದು ಒಮ್ಮೆ ಹಂಪಿ, ಒಮ್ಮೆ ಹೊಸಪೇಟೆ. ಎಲ್ಲಿಗೆ ಎಂದರೆ "ಇಲ್ಲೇ" ಎನ್ನುತ್ತಿದ್ದರು. ಮಾರ್ಚಿನಲ್ಲಿ ಒಂದು ಗೂಡ್ಸ್ ಗಾಡಿ ಮನೆಯ ಮುಂದೆ ನಿಂತಿತು. ಹಿಂದೆ ಬಿದಿರು, ಡಾಂಬರಿನ ಡಬ್ಬಿ, ದಪ್ಪ ಪ್ಲಾಸ್ಟಿಕ್ ಹಾಳೆ. ಮುಂದೆ ಡ್ರೈವರನ ಪಕ್ಕ ಅಪ್ಪ. ಎಪ್ಪತ್ತೆಂಟನೆಯ ವಯಸ್ಸಿಗೆ ಅಂಗಳದಲ್ಲಿ ಕುಳಿತು ಹರಿಗೋಲು ಹೆಣೆಯುತ್ತಿದ್ದಾರೆ ಅಣ್ಣಾ. ಒಂದು ಸುತ್ತು ಹೆಣೆಯುತ್ತಾರೆ, ಸರಿಯಿಲ್ಲವೆಂದು ಬಿಚ್ಚುತ್ತಾರೆ. ಅಂಗೈಯೆಲ್ಲ ಸಿಬಿರು.

ಪಕ್ಕದ ಮನೆಯ ಪಕೀರಮ್ಮ ನಿನ್ನೆ ಬಾಗಿಲಲ್ಲಿ ನಿಂತು, "ಏನಜ್ಜಾ, ಇದರಾಗ ಮಂಗಳೂರಿಗೆ ಹೋಗತೀಯೇನು?" ಎಂದಳು.

"ಹೌದವಾ. ನೀನೂ ಬಾ. ನಡುಹೊಳ್ಯಾಗ ಅಲ್ಲಾಡಬಾರದು, ತೂಕಕ್ಕ ಒಬ್ಬರು ಬೇಕಾಗೇತಿ."

"ಥೂ ನಿನ್ನ!" ಎಂದು ಅವಳು ಒಳಗೆ ಹೋದಳು. ಸಂಜೆಯವರೆಗೂ ನಗುತ್ತಿದ್ದಳು.

ಹರಿಗೋಲು ಯಾರಿಗೆ ಎಂದು ನಾನು ಕೇಳಿದೆ. ಇನ್ನೊಂದು ಬಿದಿರು ಸೀಳಿದರು. ನಿನಗೆ ಬರೆಯಲೇ ಎಂದೆ. "ಅವಗೇನು ಬರೀತಿ? ಅವ ಓದಿದಾವ" ಎಂದರು. ಇದರ ಅರ್ಥ ಬಾ ಎಂದೋ ಬರಬೇಡ ಎಂದೋ ನನಗೆ ತಿಳಿಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ.

ರೇಣುಕಾ

* * *

ಮಂಗಳೂರು
4 ಮೇ 2025

ರೇಣುಕಾ,

ಹರಿಗೋಲಿನ ಅಡ್ಡಳತೆ ಎಷ್ಟು? ಬಿದಿರು ಎಷ್ಟು ಸುತ್ತು? ಒಬ್ಬರಿಗೋ ಇಬ್ಬರಿಗೋ ಎಂಬುದು ಅದರಿಂದ ತಿಳಿಯುತ್ತದೆ.

ಹೊಸಪೇಟೆಗೆ ಎರಡು ಸಲ ಟಿಕೆಟ್ಟು ತೆಗೆದು ಎರಡು ಸಲ ರದ್ದು ಮಾಡಿದೆ. ಕರೆಯದೆ ಬಂದರೆ, ಪತ್ರದಲ್ಲಿ ಬರೆದುಕೊಟ್ಟ ತಪ್ಪಿಗೆ ಕ್ಷಮೆ ವಸೂಲಿ ಮಾಡಲು ಬಂದ ಹಾಗಾಗುತ್ತದೆ. ಬರದಿದ್ದರೆ ಏನಾಗುತ್ತದೆ ಎಂಬುದನ್ನು ಬರೆಯುವ ಅಗತ್ಯವಿಲ್ಲ. ನಿನ್ನೆ ಒಂದು ಹಡಗಿನ ಅಂಕಿಯನ್ನು ತಪ್ಪಾಗಿ ಓದಿದೆ. ಜೊತೆಗಿದ್ದವರು ಹೇಳಿದ್ದರಿಂದ ತಿದ್ದಿಕೊಂಡೆ. ಇಪ್ಪತ್ತಾರು ವರ್ಷದಲ್ಲಿ ಇದು ಮೊದಲು. ಸಂಜೆ ದಂಡೆಗೆ ಹೋಗುತ್ತೇನೆ, ಹತ್ತು ನಿಮಿಷ ನಿಲ್ಲಲಾರದೆ ಹಿಂದಿರುಗುತ್ತೇನೆ. ಹೇಮಾ ಏನೆಂದು ಕೇಳಿದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ನಿನ್ನಂತೆಯೇ ಕೇಳಿದಳು: "ಜೇಬಿನಲ್ಲಿ ಏನಿತ್ತು ಎಂದು ನೀವು ಕೇಳಲೇ ಇಲ್ಲವೆ?"

ಅಡ್ಡಳತೆ ಬರೆ.

ಪರಶುರಾಮ

* * *

ಕಂಪ್ಲಿ
29 ಮೇ 2025

ಅಣ್ಣಾ,

ನಿನ್ನ ಪತ್ರ ಓದಿದಾಗ ಅಪ್ಪ ಜೋರಾಗಿ ನಕ್ಕರು. "ಅಡ್ಡಳತಿ ಕೇಳತಾನೇನು? ಪೆನ್ನು ತಗೋ" ಎಂದರು. ಕೆಳಗಿನದನ್ನು ಅವರು ಹೇಳಿದಂತೆಯೇ ಬರೆದಿದ್ದೇನೆ. ತಿದ್ದಿದರೆ ಸಿಟ್ಟಾಗುತ್ತಾರೆ, ಬರೆದದ್ದನ್ನು ಓದಿಸಿ ಕೇಳಿಕೊಂಡೇ ಮುಂದಕ್ಕೆ ಹೋಗುತ್ತಾರೆ.

ರೇಣುಕಾ

ಲೇ ಪರಶ್ಯಾ,

ನಿನ್ನ ಮೋಡದ ಸುದ್ದಿ ಚಲೋ ಐತಿ. ಆದರ ನಿಮ್ಮವ್ವನ ಹಸರು ಬಳಿ ಮೋಡ ಏರಂಗಿಲ್ಲ.

ಆನೆಗೊಂದಿ ಕಡವಿನಾಗ ನಲವತ್ತು ವರ್ಷ ಹರಿಗೋಲು ಹಾಕಿದೀನಿ. ಮುಂಜಾನೆ ಮೊದಲನೇ ಸವಾರಿ ಬಿಡೂವಾಗ ಬಿಸಿಲು ಎತ್ತಾಗಿಂದ ಬರತಿತ್ತು, ನೀರು ಎತ್ತಾಗ ಎಳಿತಿತ್ತು, ನನ್ನ ರಟ್ಟೀಗೆ ಗೊತ್ತೈತಿ. ಹೊಳಿ ಮೂಡಲಕ್ಕ ಹರಿಯೂದನ್ನ ನೀನು ನನಗ ಫೋನಿನಾಗ ತೋರಸ್ತೀಯೇನು? ದೇಶ ದೇಶದಿಂದ ಹಂಪಿ ನೋಡಾಕ ಬಂದವರಿಗೆ ಈ ಹೊಳಿ ಎಲ್ಲಿಗೆ ಹೋಕ್ಕತಿ ಅಂತ ಹೇಳಿದಾವ ನಾನು.

ಗೊತ್ತಿದ್ದೇ ಕೇಳಿದೆ. ನೀನು "ಹೌದಪ್ಪಾ, ಇಲ್ಲಿಗೇ ಬರತೈತಿ" ಅಂದಿದ್ರ ಗಂಟು ತಗದು ನಿನ್ನ ಕೈಯಾಗ ಇಡಾವ ಇದ್ದೆ. ನಿನಗ ಹೊಳಿಗೆ ಬರಾಕ ಆಗಲಿಲ್ಲ, ಬಳೀನಾ ನಿನ್ನ ಸಮುದ್ರಕ್ಕ ಬರಲಿ ಅಂತ. ಸುಳ್ಳಂದ್ರ ಸುಳ್ಳು. ನಿಮ್ಮವ್ವ ಅದಕ್ಕೇನೂ ಅಂತಿದ್ದಿಲ್ಲ. ಇದನ್ನ ಮಾಡು ಅಂತ ಬಾಯಿಬಿಟ್ಟು ಹೇಳಾಕ ನನಗ ಬರಲಿಲ್ಲ. ಬೇಡಿ ಮಾಡಿಸಿದ್ದು ಆಕಿಗೆ ಮುಟ್ಟಂಗಿಲ್ಲ.

ನೀನು ಊರು ತೋರಿಸಿದ್ದು ಮಸ್ತ್ ಇತ್ತು. ಆದರ ಒಂದು ಹೇಳತೀನಿ, ನಾನೂ ಊರು ತೋರಿಸಿದಾವ. ತೋರಿಸೂವಾಗ ಕಲ್ಲು ನೋಡಬಾರದು, ಬಂದವರ ಮಾರಿ ನೋಡಬೇಕು. ನೀನು ನಾಕು ದಿನ ಕೈಗಡಿಯಾರ ನೋಡಿದಿ.

ಘಟ್ಟದ ಸುಳ್ಳು ನನಗ ಅವತ್ತಾ ತಿಳೀತು. ರೇಣುಕಾ ಫೋನು ಇಟ್ಟು, "ಐದೂವರಿಗೆ ಮಣ್ಣು ಕುಸೀತಂತ, ನಲವತ್ತು ಅಡಿ ಅಂತ" ಅಂದಳು. ನೀನು ಸಣ್ಣಾವಿದ್ದಾಗಿಂದ ಸುಳ್ಳು ಹೇಳೂವಾಗ ಲೆಕ್ಕ ಭಾಳ ಸರಿಯಾಗಿ ಹೇಳತಿ. ಹಡಗು ಬಿಟ್ಟು ಬರಲಿಲ್ಲ ಅಂತ ಸಿಟ್ಟಿಲ್ಲ. ನಡುಹೊಳ್ಯಾಗ ಜನರನ್ನ ಬಿಟ್ಟು ಯಾವ ಅಂಬಿಗ ಇಳಿತಾನ? ಅಂಜಿಕಿ ಅಂತ ಬರದೀಯಲ್ಲ, ಅದನ್ನ ಮೂರು ಸಲ ಓದಿಸಿಕೊಂಡೆ. ನನಗೂ ಅದಾ ಅಂಜಿಕಿ. ಅವತ್ತು ಹೊಳಿ ತುಂಬಿತ್ತು ಖರೆ. ದಂಡಿಮ್ಯಾಲಿಂದ ಎಸದಿದ್ರ ಹೋಗತಿತ್ತು. ಕೈ ಬಿಚ್ಚಲಿಲ್ಲ. ನಿನಗಂತ ಇಟ್ಟೆ ಅಂತ ರೇಣುಕಾ ತಿಳದಾಳ. ಅರ್ಧ ಹಂಗ, ಅರ್ಧ ಹಿಂಗ.

ಹರಿಗೋಲು ಆಗೇತಿ. ಅಡ್ಡ ಐದು ಮೊಳ. ಇಬ್ಬರಿಗೆ ಬರೋಬ್ಬರಿ. ಇಬ್ಬರು ಕುಂತರ ಅಂಚಿಗೆ ನಾಕು ಬೆರಳಿಗಿಂತ ಜಾಸ್ತಿನಾ ಉಳಿತೈತಿ. ಬೇಕಾದ್ರ ನೀನಾ ಬಂದು ಅಳಿ. ಮಳಿ ಹಿಡದು ಡ್ಯಾಮಿನ ಗೇಟು ತಗದ್ರ ಯಾರನ್ನೂ ಹೊಳಿಗೆ ಇಳಸಂಗಿಲ್ಲ. ಅಷ್ಟರಾಗ ಬಾ.

ಹುಟ್ಟು ನೀನು ಹಾಕಬೇಕು. ನಾನು ಗಂಟು ಹಿಡಕೊಂಡು ಮುಂದ ಕುಂದರತೀನಿ.

ಹಂಪಯ್ಯ

* * *

ಮಂಗಳೂರು
6 ಜೂನ್ 2025

ಅಪ್ಪಾ,

ನಿನ್ನ ಪತ್ರ ಇವತ್ತು ಬೆಳಿಗ್ಗೆ ಬಂತು. ಬಂದರಿನಲ್ಲಿ ಎರಡು ಹಡಗು ನಿಂತಿವೆ, ಮೂರನೆಯದು ಹೊರಗೆ ಕಾಯುತ್ತಿದೆ. ಮೂರನ್ನೂ ಬೇರೆಯವರಿಗೆ ಒಪ್ಪಿಸಿದೆ. ಹೇಮಾಳೂ ಬರುತ್ತಾಳೆ, ದಂಡೆಯ ಮೇಲೆ ರೇಣುಕಾಳ ಜೊತೆ ನಿಲ್ಲುತ್ತಾಳೆ. ಈ ಪತ್ರ ನಮಗಿಂತ ಮೊದಲು ತಲುಪುವುದೋ ಇಲ್ಲವೋ ತಿಳಿಯದು. ಸಿಕ್ಕಿದ ಬಸ್ಸಿಗೆ ಹೊರಡುತ್ತೇವೆ.

ಹುಟ್ಟು ಹಿಡಿಯದೆ ಮೂವತ್ತು ವರ್ಷವಾಯಿತು. ನಡುಹೊಳೆಗೆ ಹೋಗುವಷ್ಟರಲ್ಲಿ ಹರಿಗೋಲು ನಾಲ್ಕು ಸುತ್ತಾದರೂ ತಿರುಗುತ್ತದೆ. ಆಗ ಸುಮ್ಮನೆ ಕೂರಬೇಡ. ಎರಡೂ ದಂಡೆಗೆ ಕೇಳಿಸುವ ಹಾಗೆ ನನ್ನನ್ನು ಬೈ.

ಪರಶ್ಯಾ